ದುಡಿಯದವನಿಗೆ ಊಟವಿಲ್ಲ: ಈ ಮಾತು ಯಾರಿಗೆ ಹೇಳಿದ್ದು?



ದುಡಿಯದವನಿಗೆ ಊಟವಿಲ್ಲ ಎಂಬ ಮಾತನ್ನು ಕೇಳದ ತೋಟದ ಕುಟುಂಬ ನಮ್ಮಲ್ಲಿ ಇರಲಾರದು. ಬೆಳಿಗ್ಗೆ ಹಾಜರಿ ಕೂಗುವಾಗ ಕೇಳುತ್ತೇವೆ. ಸಂಜೆ ಎಲೆಯ ತೂಕ ಕಡಿಮೆ ಬಂದಾಗ ಕೇಳುತ್ತೇವೆ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ಮೂರು ದಿನ ಲೈನಿನಲ್ಲೇ ಮಲಗಿದ್ದ ಒಬ್ಬ ಅಕ್ಕ ನಾಲ್ಕನೆಯ ದಿನ ಕೆಲಸಕ್ಕೆ ಹೋದಾಗ, ಮೇಲಿನವರೊಬ್ಬರು ಇದನ್ನೇ ಹೇಳಿ, "ಇದು ನಾನು ಹೇಳಿದ್ದಲ್ಲಮ್ಮ, ನಿಮ್ಮ ಬೈಬಲೇ ಹೇಳಿದ್ದು" ಎಂದು ಸೇರಿಸಿದರಂತೆ. ಭಾನುವಾರ ಆರಾಧನೆ ಮುಗಿದ ಮೇಲೆ ಆ ಅಕ್ಕ ನಮ್ಮನ್ನು ನಿಲ್ಲಿಸಿ, "ಉಪದೇಶಿಗಳೇ, ನಿಜವಾಗಿ ಬೈಬಲಿನಲ್ಲಿ ಹಾಗಿದೆಯಾ?" ಎಂದು ಕೇಳಿದರು.

ಇದೆ. ಸಂತ ಪೌಲರು ಥೆಸಲೋನಿಕದ ಸಭೆಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿದೆ. ಆದರೆ ಅಲ್ಲಿ ಹೇಳಿರುವುದು ದುಡಿಯಲು ಮನಸ್ಸಿಲ್ಲದವನ ವಿಷಯ. ದುಡಿಯಲು ಶಕ್ತಿಯಿಲ್ಲದ ರೋಗಿಯ ವಿಷಯವನ್ನಾಗಲಿ, ಮುದುಕರ ವಿಷಯವನ್ನಾಗಲಿ ಅಪೊಸ್ತಲರು ಅಲ್ಲಿ ಎತ್ತಿಲ್ಲ. ಇನ್ನೊಂದು ಸಂಗತಿ, ಹಾಗೆ ಬರೆದವರು ಸ್ವತಃ ಗುಡಾರ ಮಾಡುವ ಕಸುಬಿನವರು. ರಾತ್ರಿ ಹಗಲು ಕೈಯಾರೆ ದುಡಿದು ಉಂಡೆವೆಂದು ಅದೇ ಅಧ್ಯಾಯದಲ್ಲಿ ನೆನಪಿಸುತ್ತಾರೆ.

ಆ ಅಕ್ಕನಿಗೆ ನಾವು ಅಷ್ಟು ಹೇಳಿ ಕಳುಹಿಸಿದೆವು. ಆಮೇಲೆ ಯೋಚಿಸಿದಾಗ ಅಷ್ಟು ಸಾಲದು ಎನಿಸಿತು. ಏಕೆಂದರೆ ಈ ವಾಕ್ಯಕ್ಕೆ ಬೈಬಲಿನ ಹೊರಗೂ ಒಂದು ಚರಿತ್ರೆಯಿದೆ. ನಾನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಇಂಗ್ಲೀಷರು ಕಟ್ಟಿದ ಮೊದಲ ಶಾಶ್ವತ ನೆಲೆಯೂರಿನಲ್ಲಿ ಒಬ್ಬ ಕಪ್ತಾನ ಈ ವಾಕ್ಯವನ್ನೇ ಕಾನೂನು ಮಾಡಿದ. ಊರು ಜೇಮ್ಸ್‌ಟೌನ್. ಕಪ್ತಾನನ ಹೆಸರು ಜಾನ್ ಸ್ಮಿತ್. ಆ ಕಾನೂನು ಮೊದಲು ಯಾರ ಮೇಲೆ ಬಿತ್ತು, ಆಮೇಲೆ ಯಾರ ಮೇಲೆ ತಿರುಗಿತು ಎಂಬುದನ್ನು ತೋಟದ ಜನರಾದ ನಾವು ತಿಳಿದಿರಬೇಕು ಎಂಬುದೇ ಈ ಬರಹದ ಉದ್ದೇಶ.

ಕಂಪೆನಿ ಕಟ್ಟಿದ ಊರು

ಜೇಮ್ಸ್‌ಟೌನನ್ನು ಕಟ್ಟಿಸಿದ್ದು ಒಂದು ವ್ಯಾಪಾರದ ಕಂಪೆನಿ. 1606 ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ವರ್ಜೀನಿಯಾ ಕಂಪೆನಿಗೆ ಸನ್ನದು ಕೊಟ್ಟ. ಅದಕ್ಕೆ ಐದು ವರ್ಷಗಳಿಗೂ ಸ್ವಲ್ಪ ಮೊದಲು, 1600 ರ ಕೊನೆಯ ದಿನ, ನಮ್ಮ ದೇಶಕ್ಕೆ ಬಂದ ಈಸ್ಟ್ ಇಂಡಿಯಾ ಕಂಪೆನಿ ಎಲಿಜಬೆತ್ ರಾಣಿಯಿಂದ ಸನ್ನದು ಪಡೆದಿತ್ತು. ಲಂಡನ್ನಿನ ಶ್ರೀಮಂತ ವರ್ತಕ ಸರ್ ಥಾಮಸ್ ಸ್ಮೈತ್ ಎರಡು ಕಂಪೆನಿಗಳಲ್ಲೂ ಮುಂದಾಳು. ಒಂದೇ ಊರಿನ ಹಣ ಪೂರ್ವಕ್ಕೂ ಹೋಯಿತು, ಪಶ್ಚಿಮಕ್ಕೂ ಹೋಯಿತು.

1609 ರಲ್ಲಿ ಕಂಪೆನಿಯ ಒಂದು ಪಾಲಿನ ಬೆಲೆ ಹನ್ನೆರಡು ಪೌಂಡು ಹತ್ತು ಶಿಲಿಂಗ್. ಹಣವಿಲ್ಲದವನು ತಾನೇ ಹಡಗು ಹತ್ತಿದರೆ ಅವನ ದೇಹಕ್ಕೆ ಒಂದು ಪಾಲೆಂದು ಲೆಕ್ಕ. ಏಳು ವರ್ಷ ಕಂಪೆನಿಯ ಉಗ್ರಾಣಕ್ಕೆ ದುಡಿಯಬೇಕು, ಆಮೇಲೆ ಲಾಭ ಹಂಚುತ್ತೇವೆ ಎಂಬ ಮಾತು. ಹಣ ಹಾಕಿದವನು ಲಂಡನ್ನಿನಲ್ಲಿ ಬೆಂಕಿ ಕಾಯಿಸುತ್ತ ಕೂತ. ದೇಹ ಹಾಕಿದವನು ಸಮುದ್ರ ದಾಟಿದ.

ಇಲ್ಲಿ ಒಂದು ಶಬ್ದವನ್ನೂ ಗಮನಿಸಬೇಕು. ಆ ಕಾಲದ ಇಂಗ್ಲೀಷಿನಲ್ಲಿ ಹೊಸ ನೆಲದಲ್ಲಿ ಜನರನ್ನು ನೆಲೆಗೊಳಿಸುವುದಕ್ಕೆ ಪ್ಲಾಂಟೇಶನ್ ಎನ್ನುತ್ತಿದ್ದರು. ಸಸಿ ನೆಟ್ಟಂತೆ ಜನರನ್ನು ನೆಡುವುದು ಎಂದರ್ಥ. ಹೊಗೆಸೊಪ್ಪಿನ ಬೆಳೆ ಬಂದ ಮೇಲೆ ಅದೇ ಶಬ್ದ ಆಳುಗಳನ್ನಿಟ್ಟು ಮಾಡಿಸುವ ದೊಡ್ಡ ಬೇಸಾಯಕ್ಕೆ ಅಂಟಿಕೊಂಡಿತು. ನಮ್ಮ ದೇಶದಲ್ಲಿ 1951 ರಲ್ಲಿ ಆದ ಪ್ಲಾಂಟೇಶನ್ ಲೇಬರ್ ಆಕ್ಟಿನ ಹೆಸರಿಗೂ ಆ ಶಬ್ದವೇ ಬಂತು.

ಮೂರು ಹಡಗುಗಳು 1606 ರ ಡಿಸೆಂಬರಿನಲ್ಲಿ ಲಂಡನ್ ಬಿಟ್ಟವು. ನಾಲ್ಕು ತಿಂಗಳ ಪ್ರಯಾಣ. ಸ್ಮಿತ್ ರೈತನ ಮಗ, ಪ್ರಾಯ ಇಪ್ಪತ್ತಾರೋ ಇಪ್ಪತ್ತೇಳೋ. ಹಂಗೇರಿಯ ಕಡೆ ತುರ್ಕರ ಮೇಲಿನ ಯುದ್ಧದಲ್ಲಿ ಸಿಪಾಯಿಯಾಗಿ ಕಾದಾಡಿ, ಸೆರೆಸಿಕ್ಕು, ಗುಲಾಮನಾಗಿ ಮಾರಾಟವಾಗಿ, ತಪ್ಪಿಸಿಕೊಂಡು ಬಂದವನೆಂದು ಅವನೇ ಬರೆದುಕೊಂಡಿದ್ದಾನೆ. ಹಡಗಿನಲ್ಲಿ ದೊಡ್ಡ ಮನೆತನದವರಿಗೂ ಇವನಿಗೂ ಜಗಳ ಹತ್ತಿತು. ದಂಗೆಯ ಆರೋಪ ಹೊರಿಸಿ ಅವನನ್ನು ಬಂಧನದಲ್ಲಿಟ್ಟರು. ವರ್ಜೀನಿಯಾ ತಲುಪಿ ಕಂಪೆನಿಯ ಮೊಹರು ಹಾಕಿದ ಪೆಟ್ಟಿಗೆ ಒಡೆದು ನೋಡಿದರೆ, ಊರನ್ನು ಆಳಬೇಕಾದ ಏಳು ಜನರ ಪಟ್ಟಿಯಲ್ಲಿ ಬಂಧನದಲ್ಲಿದ್ದವನ ಹೆಸರೂ ಇತ್ತು!

1607 ರ ಮೇ ತಿಂಗಳ ನಡುವೆ 104 ಗಂಡಸರು ಮತ್ತು ಹುಡುಗರು ಒಂದು ನದಿಯ ದಡದಲ್ಲಿ ಇಳಿದು ಕೋಟೆ ಕಟ್ಟತೊಡಗಿದರು. ನದಿಗೂ ಊರಿಗೂ ದೊರೆಯ ಹೆಸರನ್ನೇ ಇಟ್ಟರು. ಆ ನೆಲ ಖಾಲಿ ನೆಲವಾಗಿರಲಿಲ್ಲ. ಅದು ಪಾಸ್ಪಹೆಗ್ ಎಂಬ ಜನರ ಬೇಟೆಯ ನೆಲ. ಸುತ್ತಲಿನ ನಾಡೆಲ್ಲ ಸೇರಿ ಸುಮಾರು ಮೂವತ್ತು ಬುಡಕಟ್ಟುಗಳು ಪೋಹಾಟನ್ ಎಂಬ ಅರಸನ ಕೈಕೆಳಗೆ ಇದ್ದವು. ಜೋಳ ಬೆಳೆದು, ಮೀನು ಹಿಡಿದು, ಊರು ಕಟ್ಟಿ ಬಾಳುತ್ತಿದ್ದ ಜನ ಅವರು.

ಕೊಡಲಿ ಹಿಡಿಯದ ಕೈಗಳು

ಆ 104 ಜನರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ 'ಜೆಂಟಲ್‌ಮನ್' ಎಂದು ಪಟ್ಟಿಯಲ್ಲಿ ಬರೆಸಿಕೊಂಡವರು. ಅಂದಿನ ಇಂಗ್ಲೆಂಡಿನಲ್ಲಿ ಆ ಶಬ್ದಕ್ಕೆ ಇದ್ದ ಅರ್ಥ, ಕೈಯಿಂದ ದುಡಿಯದೆ ಬದುಕುವವನು ಎಂದು. ಕಾಡು ಕಡಿದು ಊರು ಕಟ್ಟುವ ಕೆಲಸಕ್ಕೆ ಕಂಪೆನಿ ಕಳುಹಿಸಿದ್ದು ಇಂಥವರನ್ನು. ರೈತರು ಕಡಿಮೆ, ಬಡಗಿಗಳು ಬೆರಳೆಣಿಕೆ. ಕಂಪೆನಿಗೆ ಬೇಕಾಗಿದ್ದು ಜೋಳವಲ್ಲ, ಚಿನ್ನ. 1608 ರಲ್ಲಿ ಮಿನುಗುವ ಮಣ್ಣನ್ನು ಚಿನ್ನವೆಂದು ನಂಬಿ ಹಡಗು ತುಂಬಿಸಿ ಕಳುಹಿಸಿದರು. ಲಂಡನ್ನಿನಲ್ಲಿ ಪರೀಕ್ಷೆ ಮಾಡಿದಾಗ ಅದು ಬರಿಯ ಮಣ್ಣೆಂದು ತಿಳಿಯಿತು.

ಮೊದಲ ಬೇಸಗೆಯಲ್ಲೇ ಸಾವು ಶುರುವಾಯಿತು. ಜೌಗು ನೆಲ. ಕುಡಿಯಲು ನದಿಯ ನೀರು, ಬೇಸಗೆಯಲ್ಲಿ ಅದಕ್ಕೆ ಸಮುದ್ರದ ಉಪ್ಪು ನುಗ್ಗುತ್ತಿತ್ತು. ಭೇದಿ, ಜ್ವರ, ಹಸಿವು. ಸೆಪ್ಟೆಂಬರ್ ಮುಗಿಯುವುದರೊಳಗೆ ಅರ್ಧದಷ್ಟು ಜನ ಮಣ್ಣಾದರು. ಅಧ್ಯಕ್ಷನಾಗಿದ್ದ ವಿಂಗ್‌ಫೀಲ್ಡ್ ಉಗ್ರಾಣದ ಆಹಾರವನ್ನು ಬಚ್ಚಿಟ್ಟುಕೊಂಡನೆಂದು ಆರೋಪಿಸಿ ಅವನನ್ನು ಇಳಿಸಿದರು. ಅವನು ಆರೋಪವನ್ನು ಒಪ್ಪಲಿಲ್ಲ. ನಿಜವೇನೇ ಇರಲಿ, ಜನ ಸಾಯುತ್ತಿರುವ ಊರಿನಲ್ಲಿ ಮೊದಲ ಜಗಳ ಉಗ್ರಾಣದ ಬೀಗದ ಕೈಯ ಮೇಲೆಯೇ ಎದ್ದಿತು ಎಂಬುದನ್ನು ನೋಡಿ.

1608 ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷನ ಪದವಿ ಸ್ಮಿತ್‌ಗೆ ಬಂತು. ಆಗ ಅವನು ತಂದ ನಿಯಮವೇ ನಾವು ಹೇಳಹೊರಟ ನಿಯಮ. ಮೂವತ್ತು ನಲವತ್ತು ಜನರ ಬೆವರಿನಿಂದ ನೂರೈವತ್ತು ಸೋಮಾರಿಗಳನ್ನು ಸಾಕಲು ಆಗದು, ದುಡಿಯಲು ಒಪ್ಪದವನಿಗೆ ಊಟವಿಲ್ಲ ಎಂಬುದು ಅದರ ಸಾರ. ಹಾಗೆ ಹೇಳುವಾಗಲೇ ಕಾಯಿಲೆ ಬಿದ್ದವರಿಗೆ ಇದು ಅನ್ವಯಿಸದು ಎಂದೂ ಅವನು ಸೇರಿಸಿದ್ದ. ಬಾಂಧವರೇ, ಈ ಒಂದು ವಿನಾಯಿತಿಯನ್ನು ನೆನಪಿಡಿ. ಸಿಪಾಯಿ ಸ್ಮಿತ್‌ಗೆ ತಿಳಿದಿದ್ದ ಈ ಸಂಗತಿ ನಮಗೆ ವಾಕ್ಯ ಹೇಳಿಕೊಡಲು ಬರುವವರಿಗೆ ಇನ್ನೂ ತಿಳಿದಿಲ್ಲ.

ದೊಡ್ಡ ಮನೆತನದ ಹುಡುಗರನ್ನೂ ಅವನು ಮರ ಕಡಿಯಲು ಕಾಡಿಗೆ ಕರೆದೊಯ್ದ. ಕೊಡಲಿ ಹಿಡಿದು ಅಭ್ಯಾಸವಿಲ್ಲದ ಅಂಗೈಗಳು ಬೊಬ್ಬೆ ಎದ್ದವು. ಎರಡೇಟು ಹಾಕಿ ಮೂರನೆಯ ಏಟಿಗೆ ಒಂದು ಆಣೆ ಬೈಗುಳ ಬರುತ್ತಿತ್ತಂತೆ. ಯಾರು ಎಷ್ಟು ಬಾರಿ ಬೈದರೆಂದು ಲೆಕ್ಕವಿಟ್ಟು, ರಾತ್ರಿ ಒಂದೊಂದು ಬೈಗುಳಕ್ಕೆ ಒಂದೊಂದು ಡಬ್ಬಿ ತಣ್ಣೀರನ್ನು ಅಂಗಿಯ ತೋಳಿನೊಳಗೆ ಹೊಯ್ಯಿಸಿದ. ಸ್ವಲ್ಪ ದಿನಗಳಲ್ಲಿ ಬೈಗುಳ ನಿಂತು ಕೆಲಸ ಸಾಗಿತು. ಕಂಪೆನಿಗೂ ಅವನು ಖಾರವಾಗಿಯೇ ಕಾಗದ ಬರೆದ. ಇಂಥವರನ್ನು ಸಾವಿರ ಜನ ಕಳುಹಿಸುವುದಕ್ಕಿಂತ ಬಡಗಿ, ರೈತ, ತೋಟಗಾರ, ಬೆಸ್ತ, ಕಮ್ಮಾರ, ಗಾರೆಯವ, ಮರದ ಬೇರು ಕೀಳುವವ, ಇಂಥ ಮೂವತ್ತು ಜನರನ್ನು ಕಳುಹಿಸಿ ಎಂದ.

ಆ ಒಂದು ವರ್ಷದಲ್ಲಿ ಬಾವಿ ತೋಡಿದರು, ಇಪ್ಪತ್ತರಷ್ಟು ಮನೆ ಕಟ್ಟಿದರು, ಮೂವತ್ತು ನಲವತ್ತು ಎಕರೆ ಅಗೆದು ಬಿತ್ತಿದರು. ಉಗ್ರಾಣದ ಜೋಳವನ್ನು ಇಲಿಗಳು ತಿಂದು ಹಾಕಿದಾಗ ಜನರನ್ನು ಗುಂಪು ಮಾಡಿ ನದಿಯುದ್ದಕ್ಕೂ ಸಿಂಪಿ, ಮೀನು ಹುಡುಕಿ ತಿನ್ನಲು ಕಳುಹಿಸಿದ. ಸಾವು ಬಹಳ ಕಡಿಮೆಯಾಯಿತು. ಇವೆಲ್ಲ ಹೆಚ್ಚಾಗಿ ಸ್ಮಿತ್ ಮತ್ತು ಅವನ ಗೆಳೆಯರೇ ಬರೆದ ಪುಸ್ತಕಗಳಿಂದ ತಿಳಿದದ್ದು, ತನ್ನನ್ನು ಹೊಗಳಿಕೊಳ್ಳುವುದರಲ್ಲಿ ಅವನು ಹಿಂದೆ ಬಿದ್ದವನಲ್ಲ. ಆದರೂ ಊರು ಉಳಿದದ್ದು ಕೈದುಡಿಮೆಯಿಂದ ಎಂಬುದರಲ್ಲಿ ಅನುಮಾನವಿಲ್ಲ.

ಒಂದು ಮಾತನ್ನು ಮಾತ್ರ ನಾವು ಸ್ಮಿತ್‌ನ ವಿರುದ್ಧ ಹೇಳಲೇಬೇಕು. ಅವನು ಸೋಮಾರಿಗಳೆಂದು ಕರೆದವರೆಲ್ಲರೂ ಸೋಮಾರಿಗಳಾಗಿರಲಿಲ್ಲ. 1998 ರಲ್ಲಿ ವಿಜ್ಞಾನಿಗಳು ಆ ಕಡೆಯ ಹಳೆಯ ಮರಗಳ ಉಂಗುರಗಳನ್ನು ಅಳೆದು, 1606 ರಿಂದ 1612 ರವರೆಗಿನ ಏಳು ವರ್ಷಗಳು ಆ ನಾಡು 770 ವರ್ಷಗಳಲ್ಲಿ ಕಂಡ ಅತಿ ಕಠಿಣ ಬರಗಾಲ ಎಂದು ತೋರಿಸಿದರು. ಉಪ್ಪು ನೀರು ಕುಡಿದು, ಅರೆಹೊಟ್ಟೆ ಉಂಡು, ಭೇದಿಯಲ್ಲಿ ನರಳುವವನು ಕೊಡಲಿ ಎತ್ತಲಾರ. ಹಸಿದವನ ಬಲಹೀನತೆ ಮೇಲಿನವನ ಕಣ್ಣಿಗೆ ಸೋಮಾರಿತನವಾಗಿ ಕಾಣುವುದು ಹೊಸತೇನೂ ಅಲ್ಲ.

ಉಂಡ ಜೋಳ ಯಾರದು?

ಇನ್ನು ದೊಡ್ಡ ಪ್ರಶ್ನೆಗೆ ಬರೋಣ. ದುಡಿದವನಿಗೆ ಮಾತ್ರ ಊಟ ಎಂಬ ನಿಯಮದ ಕೋಟೆಯೊಳಗೆ ಎಲ್ಲರೂ ಉಂಡ ಜೋಳವನ್ನು ಬೆಳೆದವರು ಯಾರು? ಆ ನಾಡಿನ ಹೆಂಗಸರು. ಪೋಹಾಟನ್ ಜನರಲ್ಲಿ ಹೊಲದ ಕೆಲಸ ಹೆಂಗಸರದ್ದು. ಅವರು ಗುದ್ದಲಿ ಹಿಡಿದು ಬಿತ್ತಿ, ಕಳೆ ಕಿತ್ತು, ಒಣಗಿಸಿ ಬುಟ್ಟಿಗಳಲ್ಲಿ ಇಟ್ಟ ಜೋಳದಿಂದ ಜೇಮ್ಸ್‌ಟೌನ್ ಮೊದಲ ಚಳಿಗಾಲಗಳನ್ನು ದಾಟಿತು. ತಾಮ್ರದ ತಗಡು, ಮಣಿ, ಕೊಡಲಿ ಕೊಟ್ಟು ಸ್ಮಿತ್ ಅದನ್ನು ಕೊಂಡ. ಬರಗಾಲದಲ್ಲಿ ತಮಗೇ ಸಾಲದಾದಾಗ ಅವರು ಕೊಡಲು ಹಿಂಜರಿದರು. ಆಗ ಅವನು ಬೆದರಿಸಿ ಕಿತ್ತುಕೊಂಡ. 1609 ರ ಜನವರಿಯಲ್ಲಿ ಅರಸನ ತಮ್ಮನ ಜುಟ್ಟು ಹಿಡಿದು ಎದೆಗೆ ಪಿಸ್ತೂಲು ಒತ್ತಿ ಜೋಳ ತುಂಬಿಸಿಕೊಂಡೆನೆಂದು ತಾನೇ ಹೆಮ್ಮೆಯಿಂದ ಬರೆದಿದ್ದಾನೆ.

ದುಡಿಯದವನಿಗೆ ಊಟವಿಲ್ಲ ಎಂಬ ಮಾತನ್ನು ಆ ಹೆಂಗಸರಲ್ಲಿ ಒಬ್ಬಳು ಕಪ್ತಾನನಿಗೇ ಹೇಳಿದ್ದರೆ ಅವನು ಏನು ಉತ್ತರ ಕೊಡುತ್ತಿದ್ದ?

ಅರಸನ ಮಗಳು ಪೊಕಹಾಂಟಸ್ ಸ್ಮಿತ್‌ನ ತಲೆ ಉಳಿಸಿದಳೆಂಬ ಕಥೆಯನ್ನು ನಮ್ಮ ಮಕ್ಕಳೂ ಸಿನಿಮಾದಲ್ಲಿ ನೋಡಿದ್ದಾರೆ. ಅದು ಅವನು ಹೇಳಿದಂತೆಯೇ ನಡೆಯಿತೆಂದು ಅನೇಕ ಚರಿತ್ರಕಾರರು ನಂಬುವುದಿಲ್ಲ. ನಂಬಬಹುದಾದ ಸಂಗತಿ ಬೇರೆ ಇದೆ. 1613 ರಲ್ಲಿ ಇಂಗ್ಲೀಷರು ಅವಳನ್ನು ಅಪಹರಿಸಿ ಒತ್ತೆಯಿಟ್ಟುಕೊಂಡರು. ಆ ಬಂಧನದಲ್ಲಿಯೇ ಅವಳಿಗೆ ದೀಕ್ಷಾಸ್ನಾನವಾಗಿ ರೆಬೆಕ್ಕ ಎಂಬ ಹೆಸರು ಬಂತು. 1614 ರಲ್ಲಿ ಜಾನ್ ರಾಲ್ಫ್ ಎಂಬ ಹೊಗೆಸೊಪ್ಪಿನ ಬೆಳೆಗಾರನನ್ನು ಮದುವೆಯಾದಳು. 1617 ರಲ್ಲಿ, ಇಪ್ಪತ್ತೊಂದರ ಆಸುಪಾಸಿನಲ್ಲಿ, ಇಂಗ್ಲೆಂಡಿನಲ್ಲಿ ತೀರಿಕೊಂಡಳು. ದೀಕ್ಷಾಸ್ನಾನಕ್ಕೆ ಜನರನ್ನು ಸಿದ್ಧಪಡಿಸುವ ಕೆಲಸ ನಮ್ಮದು. ಬಾಗಿಲಿಗೆ ಬೀಗ ಹಾಕಿ ಕೊಟ್ಟ ದೀಕ್ಷೆಯ ವಿಷಯ ಓದುವಾಗ ನಮ್ಮ ಮನಸ್ಸಿಗೆ ಸಮಾಧಾನವಾಗುವುದಿಲ್ಲ.

ಪಾಸ್ಪಹೆಗ್ ಜನರ ಗತಿ ಇನ್ನೂ ಘೋರ. 1610 ರ ಆಗಸ್ಟಿನಲ್ಲಿ ಇಂಗ್ಲೀಷರು ಅವರ ಊರನ್ನು ಸುಟ್ಟು, ಬೆಳೆ ಕಡಿದು, ರಾಣಿಯನ್ನೂ ಅವಳ ಮಕ್ಕಳನ್ನೂ ಹಿಡಿದು ಕೊಂದರು. ದಂಡಿನ ನಾಯಕನೇ ಇದನ್ನು ಬರೆದಿಟ್ಟಿದ್ದಾನೆ. ಊರು ಸ್ಥಾಪನೆಯಾಯಿತು ಎಂದು ಪುಸ್ತಕದಲ್ಲಿ ಓದುವಾಗ, ಅಲ್ಲಿದ್ದ ಊರು ಏನಾಯಿತು ಎಂದು ಕೇಳುವ ಅಭ್ಯಾಸ ನಮಗೆ ಬರಬೇಕು. ನಮ್ಮ ಗುಡ್ಡಗಳಲ್ಲೂ ತೋಟ ಬರುವ ಮೊದಲು ಪಣಿಯರು, ಕುರುಂಬರು ಇದ್ದರು.

ನಿಯಮ ತಿರುಗಿ ಬಿದ್ದದ್ದು

1609 ರಲ್ಲಿ ಸಿಡಿಮದ್ದು ಹತ್ತಿಕೊಂಡು ಸ್ಮಿತ್‌ಗೆ ಮೈ ಸುಟ್ಟಿತು. ಆ ವರ್ಷದ ಅಕ್ಟೋಬರಿನಲ್ಲಿ ಅವನು ಇಂಗ್ಲೆಂಡಿಗೆ ಮರಳಿದ, ಮತ್ತೆ ವರ್ಜೀನಿಯಾ ನೋಡಲಿಲ್ಲ, 1631 ರಲ್ಲಿ ತೀರಿಕೊಂಡ. ಅವನು ಹೋದ ಚಳಿಗಾಲವನ್ನು ಅಮೆರಿಕದ ಚರಿತ್ರೆಯಲ್ಲಿ ಹಸಿವಿನ ಕಾಲ ಎಂದೇ ಕರೆಯುತ್ತಾರೆ. ಪೋಹಾಟನ್ ಜನ ಕೋಟೆಯನ್ನು ಸುತ್ತುಗಟ್ಟಿದರು. ಒಳಗಿದ್ದ ಸುಮಾರು 300 ಜನರಲ್ಲಿ ವಸಂತದ ಹೊತ್ತಿಗೆ ಉಳಿದವರು 60. ಕುದುರೆ, ನಾಯಿ, ಇಲಿ, ಚರ್ಮದ ಜೋಡು ತಿಂದರು, ಸತ್ತವರನ್ನೂ ತಿಂದರು ಎಂದು ಆಗಲೇ ಬರೆದಿದ್ದರು. ಬಹಳ ಜನ ನಂಬಿರಲಿಲ್ಲ. 2012 ರಲ್ಲಿ ಅಲ್ಲಿ ಅಗೆದಾಗ ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ತಲೆಬುರುಡೆ ಸಿಕ್ಕಿತು. ಅದರ ಮೇಲೆ ಕತ್ತಿಯ ಗುರುತುಗಳಿದ್ದವು.

ಆಮೇಲೆ ಬಂದ ಅಧಿಕಾರಿಗಳು ಸ್ಮಿತ್‌ನ ನಿಯಮದಿಂದ ವಿನಾಯಿತಿಯನ್ನು ತೆಗೆದು ಚಾಟಿಯನ್ನು ಸೇರಿಸಿದರು. 1610-11 ರಲ್ಲಿ ಜಾರಿಗೆ ಬಂದ ಕಾಯಿದೆಗಳಿಗೆ ದೈವಿಕ, ನೈತಿಕ ಮತ್ತು ಸೈನಿಕ ಕಾಯಿದೆ ಎಂದು ಹೆಸರು. ನಗಾರಿ ಬಾರಿಸಿದಾಗ ಕೆಲಸಕ್ಕೆ ಹೋಗಬೇಕು. ದಿನಕ್ಕೆ ಎರಡು ಸಲ ದೇವಾಲಯಕ್ಕೆ ಬರಬೇಕು. ಒಮ್ಮೆ ತಪ್ಪಿದರೆ ಆ ದಿನದ ಪಡಿ ಇಲ್ಲ, ಎರಡನೆಯ ಸಲಕ್ಕೆ ಚಾಟಿ, ಮೂರನೆಯ ಸಲಕ್ಕೆ ಆರು ತಿಂಗಳ ಕಠಿಣ ಶಿಕ್ಷೆ. ಉಗ್ರಾಣದಿಂದ ಕದ್ದರೆ ಸಾವು. ಎರಡು ಮೂರು ಪಾವು ಹಿಟ್ಟು ಕದ್ದ ಒಬ್ಬನ ನಾಲಗೆಗೆ ದಬ್ಬಳ ಚುಚ್ಚಿ, ಮರಕ್ಕೆ ಸರಪಳಿಯಲ್ಲಿ ಕಟ್ಟಿ, ಉಪವಾಸದಿಂದ ಸಾಯಿಸಿದರೆಂದು ಬದುಕಿ ಉಳಿದವರು 1624 ರಲ್ಲಿ ಸಾಕ್ಷಿ ಬರೆದಿದ್ದಾರೆ. ದೇವರ ಹೆಸರನ್ನು ಹಾಜರಿ ಪುಸ್ತಕಕ್ಕೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈ ಕಥೆಯಲ್ಲಿ ನಮ್ಮ ಮನಸ್ಸಿನಲ್ಲಿ ಉಳಿದವಳು ಒಬ್ಬ ಹೆಂಗಸು, ಆನ್ ಬರಸ್. 1608 ರಲ್ಲಿ ಒಬ್ಬ ದೊಡ್ಡ ಮನೆಯಾಕೆಯ ದಾಸಿಯಾಗಿ ಬಂದವಳು. ಜೇಮ್ಸ್‌ಟೌನಿಗೆ ಮೊದಲು ಬಂದ ಇಂಗ್ಲೀಷ್ ಹೆಂಗಸರು ಇವರಿಬ್ಬರೇ. ಮೊದಲ ಹಡಗಿನಲ್ಲೇ ಕೂಲಿಯಾಳಾಗಿ ಬಂದಿದ್ದ ಜಾನ್ ಲೇಡನ್‌ನನ್ನು ಅವಳು ಮದುವೆಯಾದಳು. ವರ್ಜೀನಿಯಾದಲ್ಲಿ ನಡೆದ ಮೊದಲ ಇಂಗ್ಲೀಷ್ ಮದುವೆ ಒಬ್ಬ ಕೂಲಿಯದು, ಒಬ್ಬ ದಾಸಿಯದು. ಹಸಿವಿನ ಕಾಲವನ್ನು ಇಬ್ಬರೂ ದಾಟಿದರು. ಸರ್ ಥಾಮಸ್ ಡೇಲ್‌ನ ಆಡಳಿತದಲ್ಲಿ ಹೆಂಗಸರಿಗೆ ಅಂಗಿ ಹೊಲಿಯುವ ಕೆಲಸ ಹಚ್ಚಿದ್ದರು. ಅಳೆದು ಕೊಟ್ಟ ನೂಲು ಸಾಲದೆ ಅಂಗಿಯ ಕೆಳಭಾಗದಿಂದಲೇ ನೂಲು ಬಿಚ್ಚಿ ಹೊಲಿದರು. ಅಂಗಿ ಗಿಡ್ಡವಾಯಿತು. ಗಿಡ್ಡವಾದದ್ದಕ್ಕೆ ಅವರಿಗೆ ಚಾಟಿಯೇಟು. ಆನ್ ಆಗ ಬಸುರಿ. ಆ ರಾತ್ರಿಯೇ ಅವಳಿಗೆ ಗರ್ಭ ಇಳಿಯಿತು. ಇದನ್ನು 1625 ರಲ್ಲಿ ಅಲ್ಲಿನ ನ್ಯಾಯಸಭೆಯ ಮುಂದೆ ಹೇಳಿದ ಸಾಕ್ಷಿ ಇಂದಿಗೂ ದಾಖಲೆಯಲ್ಲಿದೆ.

ನೂಲು ಕಡಿಮೆ ಕೊಟ್ಟವರು ಯಾರು, ಏಟು ತಿಂದವರು ಯಾರು? ತೂಕ ಕಡಿಮೆಯೆಂದು ಕೂಲಿ ಮುರಿಸಿಕೊಂಡ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆನ್ ಸೋಮಾರಿಯಾಗಿರಲಿಲ್ಲ. 1625 ರ ಜನಗಣತಿಯಲ್ಲಿ ಅವಳೂ ಗಂಡನೂ ನಾಲ್ಕು ಹೆಣ್ಣುಮಕ್ಕಳೂ ಬದುಕಿದ್ದಾರೆ. ಸ್ಮಾರಕ ಶಿಲೆ ಇರುವುದು ಸ್ಮಿತ್‌ಗೆ. ಊರನ್ನು ಸ್ಥಾಪಿಸಿದವರ ಪಟ್ಟಿ ಮಾಡುವುದಾದರೆ ನಾವು ಆನ್‌ಳ ಹೆಸರನ್ನೂ ಬರೆಯುತ್ತೇವೆ.

1619: ಒಂದೇ ಬೇಸಗೆಯ ಮೂರು ಸಂಗತಿಗಳು

ರಾಲ್ಫ್ 1612 ರ ಸುಮಾರಿಗೆ ಬೆಳೆಸಿದ ಹೊಗೆಸೊಪ್ಪಿನಿಂದ ಕಂಪೆನಿಗೆ ಚಿನ್ನದ ಬದಲು ಬೇರೊಂದು ಆದಾಯ ಸಿಕ್ಕಿತು. ಹೊಗೆಸೊಪ್ಪಿಗೆ ಆಳು ಬೇಕು. ಅದಕ್ಕೆ ಕಂಪೆನಿ ಕಂಡುಕೊಂಡ ಉಪಾಯ, ಒಬ್ಬ ಆಳಿನ ಹಡಗಿನ ಖರ್ಚು ಕೊಟ್ಟು ಕರೆತಂದವನಿಗೆ ತಲೆಗೆ 50 ಎಕರೆ ಜಮೀನು. ಬಂದ ಆಳು ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ ಕರಾರಿನಲ್ಲಿ ದುಡಿಯಬೇಕು. ತಲೆ ಆಳಿನದು, ಎಕರೆ ಯಜಮಾನನದು. 1635 ರ ಇಂಥ ಒಂದು ಜಮೀನು ದಾಖಲೆಯಲ್ಲಿ ಟೋನಿ ಎಂಬ ಈಸ್ಟ್ ಇಂಡಿಯನ್ ಒಬ್ಬನ ಹೆಸರೂ ಇದೆ. ನಮ್ಮ ದೇಶದ ಕಡೆಯಿಂದ ಹೋಗಿ ಯಾರದೋ 50 ಎಕರೆಯ ಲೆಕ್ಕಕ್ಕೆ ಸೇರಿದ ಒಂದು ತಲೆ.

1619 ರ ಬೇಸಗೆಯಲ್ಲಿ ಮೂರು ಸಂಗತಿಗಳು ಒಂದರ ಬೆನ್ನಿಗೆ ಒಂದು ನಡೆದವು. ಮೊದಲನೆಯದು, ರಾಳ, ಡಾಂಬರು, ಸಾಬೂನಿನ ಬೂದಿ ತಯಾರಿಸಲು ಕರೆಸಿದ್ದ ಪೋಲೆಂಡಿನ ಕುಶಲ ಕೆಲಸಗಾರರದು. ಅಲ್ಲಿ ಹೊಸದಾಗಿ ಸೇರಲಿದ್ದ ಜನಪ್ರತಿನಿಧಿಗಳ ಸಭೆಗೆ ಮತ ಕೊಡುವ ಹಕ್ಕು ಅವರಿಗೆ ಇರಲಿಲ್ಲ. ಅವರು ತಕರಾರು ಎತ್ತಿದರು. ಕಂಪೆನಿಯ ಕಡತದಲ್ಲಿ ತಕರಾರು ಎಂದಷ್ಟೇ ಇದೆ, ಕಾರ್ಮಿಕ ಚರಿತ್ರೆ ಬರೆದವರು ಇದನ್ನು ಅಮೆರಿಕದ ಮೊದಲ ಮುಷ್ಕರ ಎನ್ನುತ್ತಾರೆ. ಆ ಜುಲೈನಲ್ಲಿ ಕಂಪೆನಿ ಬಗ್ಗಿತು. ಇತರರಷ್ಟೇ ಹಕ್ಕು ಅವರಿಗೂ ಉಂಟೆಂದು ಒಪ್ಪಿ, ಅವರ ಕಸುಬು ಕಲಿಯಲು ಹುಡುಗರನ್ನು ಅವರ ಬಳಿ ಬಿಡಬೇಕೆಂದೂ ಬರೆಯಿತು.

ಎರಡನೆಯದು ಆ ಸಭೆ. ಜುಲೈ 30 ರಂದು ಜೇಮ್ಸ್‌ಟೌನಿನ ದೇವಾಲಯದಲ್ಲಿ 22 ಪ್ರತಿನಿಧಿಗಳು ಸೇರಿದರು. ಅಮೆರಿಕದ ಪ್ರಜಾಪ್ರಭುತ್ವ ಇಲ್ಲಿಂದ ಶುರುವಾಯಿತೆಂದು ಹೇಳುತ್ತಾರೆ. ಅದೇ ಸಭೆ ಸೋಮಾರಿತನದ ಮೇಲೂ ಒಂದು ಕಾನೂನು ಮಾಡಿತು. ಸ್ವತಂತ್ರನಾದರೂ ಸರಿ, ಸೋಮಾರಿಯೆಂದು ಕಂಡವನಿಗೆ ಒಬ್ಬ ಯಜಮಾನನನ್ನು ನೇಮಿಸಿ ಕೂಲಿಗೆ ಹಚ್ಚಬಹುದು. ಹತ್ತು ವರ್ಷಗಳ ಹಿಂದೆ ದೊಡ್ಡ ಮನೆತನದವರ ಕೈಗೆ ಕೊಡಲಿ ಕೊಟ್ಟ ಮಾತು ಈಗ ಬಡವನ ಕೊರಳಿಗೆ ಹಗ್ಗವಾಯಿತು.

ಮೂರನೆಯದು ಆಗಸ್ಟ್ ಕೊನೆಯಲ್ಲಿ. ವೈಟ್ ಲಯನ್ ಎಂಬ ಹಡಗು ಅಂಗೋಲದಿಂದ ಹಿಡಿದು ತಂದಿದ್ದ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಆಫ್ರಿಕನರನ್ನು ಅಲ್ಲಿ ಇಳಿಸಿತು. ಅವರ ಬದಲಿಗೆ ಹಡಗಿನವರು ಪಡೆದದ್ದು ಆಹಾರ ಸಾಮಗ್ರಿ. ಊಟಕ್ಕೆ ಬದಲಾಗಿ ಮನುಷ್ಯರನ್ನು ಕೊಟ್ಟರು! 1662 ರ ಹೊತ್ತಿಗೆ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ಮಗುವೂ ದಾಸನೇ ಎಂಬ ಕಾನೂನು ಅದೇ ವರ್ಜೀನಿಯಾದಲ್ಲಿ ಆಯಿತು. ಅತಿ ಹೆಚ್ಚು ದುಡಿದವರಿಗೆ ಅತಿ ಕಡಿಮೆ ಊಟ ಸಿಕ್ಕಿದ ಇನ್ನೂರು ವರ್ಷಗಳಿಗೂ ಮೀರಿದ ಕಥೆ ಆ ಹಡಗಿನಿಂದ ಬೆಳೆಯಿತು.

ಬಿಳಿಯ ಆಳುಗಳ ಪಾಡೂ ಸುಖದ್ದಲ್ಲ. ರಿಚರ್ಡ್ ಫ್ರೆತಾರ್ನ್ ಎಂಬ ಕರಾರಿನ ಹುಡುಗ 1623 ರಲ್ಲಿ ತಂದೆತಾಯಿಗೆ ಬರೆದ ಕಾಗದ ಉಳಿದಿದೆ. ಬಂದಾಗಿನಿಂದ ಬಟಾಣಿ ಮತ್ತು ನೀರು ಗಂಜಿ ಬಿಟ್ಟು ಬೇರೆ ಕಂಡಿಲ್ಲ, ಬೆಳಗಿನಿಂದ ರಾತ್ರಿಯವರೆಗೆ ಕೆಲಸ, ಹೇಗಾದರೂ ಹಣ ಕಟ್ಟಿ ಬಿಡಿಸಿಕೊಳ್ಳಿ, ಆಗದಿದ್ದರೆ ತಿನ್ನಲು ಏನಾದರೂ ಕಳುಹಿಸಿ ಎಂದು ಬೇಡಿದ್ದಾನೆ. ಮುಂದಿನ ವರ್ಷದ ಮೃತರ ಪಟ್ಟಿಯಲ್ಲಿ ಅವನ ಹೆಸರಿದೆ. ಕಂಪೆನಿಯ ಕಾಲದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಹೋಗಿದ್ದರು, 1625 ರ ಗಣತಿಗೆ ಸಿಕ್ಕಿದವರು ಸುಮಾರು 1,200. 1624 ರಲ್ಲಿ ದೊರೆ ಕಂಪೆನಿಯನ್ನೇ ಬರಖಾಸ್ತು ಮಾಡಿ ನಾಡನ್ನು ತನ್ನ ಕೈಗೆ ತೆಗೆದುಕೊಂಡ.

ನಮ್ಮ ಅಭಿಪ್ರಾಯ

ಬಾಂಧವರೇ, ಇಷ್ಟನ್ನು ನಾವು ಬರೆದದ್ದು ಸ್ಮಿತ್‌ನನ್ನು ಹೊಗಳಲೂ ಅಲ್ಲ, ಕಲ್ಲು ಹೊಡೆಯಲೂ ಅಲ್ಲ. ದುಡಿಮೆ ದೊಡ್ಡದು ಎಂದು ಅವನು ಕಂಡುಕೊಂಡ. ಅಷ್ಟಕ್ಕೆ ಅವನಿಗೆ ಗೌರವ. ಆದರೆ ಜೋಳದ ಉಗ್ರಾಣ ಯಾರ ದುಡಿಮೆಯಿಂದ ತುಂಬಿತು ಎಂದು ಅವನು ಕೇಳಲಿಲ್ಲ. ಅವನ ನಂತರದವರು ಕೇಳಲು ಬಿಡಲೇ ಇಲ್ಲ.

ಆದ್ದರಿಂದ ಇನ್ನು ಮುಂದೆ ಯಾರಾದರೂ ನಮಗೆ ಈ ವಾಕ್ಯ ಹೇಳಿದರೆ ಸಿಟ್ಟಾಗುವುದು ಬೇಡ, ತಲೆ ತಗ್ಗಿಸುವುದೂ ಬೇಡ. ಸಮಾಧಾನವಾಗಿ ಮೂರು ಪ್ರಶ್ನೆ ಕೇಳೋಣ. ಕಾಯಿಲೆಯವರನ್ನು ಬಿಟ್ಟು ಹೇಳುತ್ತಿದ್ದೀರಾ, ಸೇರಿಸಿ ಹೇಳುತ್ತಿದ್ದೀರಾ? ಬಂಗಲೆಗೂ ಈ ವಾಕ್ಯ ಅನ್ವಯಿಸುತ್ತದೆಯೋ, ಲೈನಿಗೆ ಮಾತ್ರವೋ? ದುಡಿದವನಿಗೆ ಊಟ ಸಿಗಲೇಬೇಕು ಎಂಬುದೂ ಇದೇ ವಾಕ್ಯದ ಇನ್ನೊಂದು ಮಗ್ಗುಲಲ್ಲವೇ? ಕೊಡದೆ ಹಿಡಿದಿಟ್ಟ ಕೂಲಿ ದೇವರ ಕಿವಿಗೆ ಕೂಗುತ್ತದೆಂದು ಯಾಕೋಬರ ಪತ್ರದ ಐದನೆಯ ಅಧ್ಯಾಯದಲ್ಲಿದೆ. ವಾಕ್ಯ ಹೇಳುವವರು ಎರಡು ಪತ್ರಗಳನ್ನೂ ಓದಲಿ.

ಕೊನೆಗೆ ನಮ್ಮೊಳಗಿನ ಮಾತೊಂದು. ಪೋಲೆಂಡಿನವರು ಒಟ್ಟಾಗಿ ನಿಂತು ಹಕ್ಕು ಪಡೆದರು, ಸಂತೋಷ. ಒಂದೇ ತಿಂಗಳ ನಂತರ ಇಳಿದ ಆಫ್ರಿಕನರ ಪರವಾಗಿ ಯಾರೂ ತಕರಾರು ಎತ್ತಿದ ದಾಖಲೆಯನ್ನು ನಾವು ಓದಿಲ್ಲ. ಇಂದು ನಮ್ಮ ನೀಲಗಿರಿ, ವಯನಾಡಿನ ತೋಟಗಳಿಗೆ ಜಾರ್ಖಂಡ್, ಅಸ್ಸಾಂ ಕಡೆಯ ಕುಟುಂಬಗಳು ಬರುತ್ತಿವೆ. ಅವರ ಭಾಷೆ ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ಅವರು ಬಂದು ನಮ್ಮ ಕೆಲಸ ಕೆಡಿಸಿದರು ಎಂದು ನಮ್ಮ ಸಂಘದವರೇ ಹೇಳುವುದನ್ನು ಕೇಳಿದ್ದೇವೆ. ಸೋಮಾರಿಗಳು ಎಂಬ ಹಳೆಯ ಮಾತನ್ನು ಅವರ ಮೇಲೆ ಎಸೆಯುವುದನ್ನೂ ಕೇಳಿದ್ದೇವೆ. ನಮ್ಮ ಅಜ್ಜಂದಿರೂ ಮೇಸ್ತ್ರಿಯ ಮುಂಗಡ ಪಡೆದು, ಮೂಟೆ ಹೊತ್ತು, ಘಾಟಿ ದಾಟಿ ಬಂದವರೇ. ಆಗ ಇಲ್ಲಿದ್ದವರು ನಮ್ಮನ್ನು ಏನೆಂದು ಕರೆದಿರಬಹುದು?

ಮುಂದಿನ ಭಾನುವಾರದ ಸಂಘದ ಸಭೆಗೆ ಬರುವಾಗ ಪ್ರತಿ ಲೈನಿನವರೂ ಹೊಸದಾಗಿ ಬಂದ ಒಂದು ಕುಟುಂಬವನ್ನು ಜೊತೆಗೆ ಕರೆದುಕೊಂಡು ಬನ್ನಿ. ಭಾಷೆ ಬಾರದಿದ್ದರೆ ಕೈಸನ್ನೆ ಸಾಕು. ಕಾಫಿ ಕುಡಿಯಲು ಭಾಷೆ ಬೇಕಾಗಿಲ್ಲ. ಜ್ವರದ ಆ ಅಕ್ಕನೂ ತಮ್ಮ ಪಕ್ಕದ ಮನೆಯವರನ್ನು ಕರೆತರುವೆನೆಂದು ಮಾತು ಕೊಟ್ಟಿದ್ದಾರೆ.